ಮಾತು ತಲುಪಿದ ಮನೆ

ಮಧ್ಯಾಹ್ನ ಊಟ ಮಾಡಿ ಅಡ್ಡಾದರೆ ಸಾಕು, ನನಗೆ ಜೀಪಿನ ಸದ್ದು ಕೇಳಿಸುತ್ತದೆ. ನಿವೃತ್ತಳಾಗಿ ವರ್ಷಗಳಾದವು. ದಾವಣಗೆರೆ ವಿದ್ಯಾನಗರದ ಈ ಮನೆಯ ಮುಂದೆ ಓಡಾಡುವುದೆಲ್ಲ ಕಾಲೇಜು ಹುಡುಗರ ಸ್ಕೂಟರು, ಸಿಟಿ ಬಸ್ಸು. ಜೀಪು ಎಲ್ಲಿಂದ ಬರಬೇಕು? ಆದರೂ ಕಣ್ಣು ಮುಚ್ಚಿದೊಡನೆ ಡ್ರೈವರ್ ಖಲೀಲ್ ಸಾಬರು ಗೇರ್ ಬದಲಿಸುತ್ತಾರೆ. ಹರಿಹರದ ರಸ್ತೆ ಬಿಸಿಲಿನಲ್ಲಿ ತೇಲುತ್ತದೆ. ಹುರಿದ ಮಂಡಕ್ಕಿಯ ವಾಸನೆ ಒಳಗೆ ಬರುತ್ತದೆ. ಯಾವುದೋ ಮನೆಯ ಬಾಗಿಲು ತಟ್ಟಲು ನಾನು ಕೈ ಎತ್ತಿರುತ್ತೇನೆ, ಅಷ್ಟರಲ್ಲಿ ಎಚ್ಚರ. ಎದ್ದು ಚಹಾ ಮಾಡಿಕೊಳ್ಳುತ್ತೇನೆ.

ಹೊಸದಾಗಿ ಇಲಾಖೆಗೆ ಸೇರಿದ ಹುಡುಗಿಯರು ಆಗಾಗ ಬಂದು, ಮೇಡಂ, ಈ ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಬೇಡ. ಅದು ಎಲ್ಲರದೂ ಒಂದೇ, ತಡವಾಗಿ ಬರುತ್ತದೆ, ಬಂದಾಗ ಕೂರಲು ಕುರ್ಚಿ ಇರುವುದಿಲ್ಲ. ನಾನು ಆರೋಗ್ಯ ಶಿಕ್ಷಣಾಧಿಕಾರಿಯಾಗಿದ್ದೆ. ಹಾಗೆಂದರೆ ಏನೆಂದು ನಮ್ಮ ಅತ್ತೆಗೆ ಕೊನೆಯವರೆಗೂ ತಿಳಿಯಲಿಲ್ಲ. ಓಣಿಯವರು ನನ್ನನ್ನು ‘ಸೂಜಿ ಇಲ್ಲದ ನರ್ಸಮ್ಮ’ ಎನ್ನುತ್ತಿದ್ದರು. ಸರಿಯಾದ ಹೆಸರೇ. ನನ್ನ ಕೈಯಲ್ಲಿ ಇದ್ದದ್ದು ಬರೀ ಮಾತು. ರೋಗದ ಬಗ್ಗೆ ಹೇಳಬೇಕಾದ ಮಾತು ಜನರ ಮನೆ ಮುಟ್ಟಿತೋ ಇಲ್ಲವೋ ನೋಡುವುದು ನನ್ನ ಉದ್ಯೋಗ.

ಹಂದಿಜ್ವರ ಬಂದ ಕಾಲಕ್ಕೆ ನನ್ನ ನೆನಪಿನಲ್ಲಿ ಕರ್ಪೂರದ ವಾಸನೆ ಇದೆ. ಕರ್ಪೂರ, ಏಲಕ್ಕಿ ಎರಡನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಮೂಸುತ್ತಿದ್ದರೆ ಜ್ವರ ಹತ್ತಿರ ಸುಳಿಯುವುದಿಲ್ಲವೆಂದು ಯಾರೋ ಹಬ್ಬಿಸಿದ್ದರು. ಮಂಡಿಪೇಟೆಯಲ್ಲಿ ಕರ್ಪೂರ ಸಿಗದಂತಾಯಿತು. ಗಲ್ಲಾದಲ್ಲಿ ಕುಳಿತ ಸಾಹುಕಾರರು ಮೂಗಿಗೆ ಗಂಟು ಹಿಡಿದುಕೊಂಡೇ ದರ ಹೇಳುತ್ತಿದ್ದರು. ಪೇಟೆಗೆ ಪೇಟೆಯೇ ಆಗತಾನೇ ಮಂಗಳಾರತಿಯಾದ ಗುಡಿಯ ಹಾಗೆ ಘಮಘಮ. ಆ ಘಮದೊಳಗೆ ಕರವಸ್ತ್ರ ಕಟ್ಟಿಕೊಂಡ ಜನ ಸದ್ದಿಲ್ಲದೆ ನಡೆದುಹೋಗುತ್ತಿದ್ದುದು ಈಗ ಕನಸಿನಲ್ಲಿ ಕಂಡಂತೆ ಅನ್ನಿಸುತ್ತದೆ. ನನಗೂ ಹೆದರಿಕೆಯಾಗಿತ್ತು. ಜನರಿಗೆ ಕೈ ತೊಳೆಯಿರಿ ಎಂದು ಹೇಳಿ ಮನೆಗೆ ಬಂದು ನಾನೂ ಒಂದು ಗಂಟು ಮೂಸುತ್ತಿದ್ದೆ.

ಜ್ವರ ಇಳಿಯಿತು, ಕರ್ಪೂರದ ದರವೂ ಇಳಿಯಿತು. ಆಮೇಲೆ ಸರ್ಕಾರಕ್ಕೆ ಒಂದು ಪ್ರಶ್ನೆ ಹುಟ್ಟಿತು: ನಾವು ಮಾಡಿದ್ದು ಎಷ್ಟು ನೆಟ್ಟಗಿತ್ತು? ಮದುವೆ ಮುಗಿದು ಚಪ್ಪರ ಬಿಚ್ಚುವಾಗ, ಊಟ ಎಲ್ಲರಿಗೂ ಮುಟ್ಟಿತೇ ಎಂದು ಮನೆಯ ಹಿರಿಯರು ವಿಚಾರಿಸುತ್ತಾರಲ್ಲ, ಹಾಗೆ. ದೇಶದ ಬೇರೆಬೇರೆ ಕಡೆ ತಂಡಗಳು ಹೊರಟವು. ನಮ್ಮ ಪಾಲಿಗೆ ದಾವಣಗೆರೆ, ಹರಿಹರ. ತಂಡದ ಮುಖ್ಯಸ್ಥರಾಗಿ ಮೈಸೂರು ಕಡೆಯ ಡಾ. ಪುಟ್ಟಸ್ವಾಮಿ ಬಂದರು. ಊರು ಬಲ್ಲವಳೆಂದು ನನ್ನನ್ನು ಅವರ ಜೊತೆ ಹಾಕಿದರು.

ಪುಟ್ಟಸ್ವಾಮಿಯವರು ಇಸ್ತ್ರಿ ಕೆಡದ ಮನುಷ್ಯ. ಬೆಣ್ಣೆ ದೋಸೆಯ ಮೇಲಿನ ಬೆಣ್ಣೆಯನ್ನು ಚಮಚದಿಂದ ಪಕ್ಕಕ್ಕೆ ಸರಿಸಿ ತಿನ್ನುವವರನ್ನು ದಾವಣಗೆರೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ಪ್ರಶ್ನೆ ನೇರವಾಗಿದ್ದರೆ ಉತ್ತರವೂ ನೇರವಾಗಿ ಬರುತ್ತದೆ ಎಂದು ಅವರು ನಂಬಿದ್ದರು. ನಾನು ಅದಕ್ಕೆ ತದ್ವಿರುದ್ಧ. ಒಂದು ಮನೆಗೆ ಹೋದರೆ ಅಂಗಳದ ರಂಗೋಲಿ, ಒಲೆಯ ಮೇಲಿನ ಸಾರು, ಗೋಡೆಯ ಮೇಲಿನ ಹಲ್ಲಿ, ಎಲ್ಲ ನೋಡುತ್ತ ಮೈಮರೆಯುತ್ತಿದ್ದೆ. ಅವರು ಪೆನ್ನಿನಿಂದ ಕುರ್ಚಿ ತಟ್ಟಿ ನನ್ನನ್ನು ಎಚ್ಚರಿಸುತ್ತಿದ್ದರು. ಇಂಥ ಮೇಲಧಿಕಾರಿ ಸಿಕ್ಕರೆ ಗೊಣಗಬೇಡಿ. ಎಚ್ಚರ ಇರುವವರೊಬ್ಬರು, ಕನಸು ಕಾಣುವವರೊಬ್ಬರು, ತಂಡಕ್ಕೆ ಇಬ್ಬರೂ ಬೇಕು.

ಶುರುವಿನಲ್ಲೇ ನಗೆಪಾಟಲಾದೆವು. ಮಂಡಕ್ಕಿ ಭಟ್ಟಿಗಳ ಓಣಿಗೆ ಹೋಗಿದ್ದೆವು. ಅಲ್ಲಿ ಹೊಗೆಯೊಳಗೆ ಜನ ಅರ್ಧ ಕಾಣುತ್ತಾರೆ, ಅರ್ಧ ಕಾಣುವುದಿಲ್ಲ. ಬಿಸಿ ಮರಳಿನಲ್ಲಿ ಅಕ್ಕಿ ಅರಳುವ ಸದ್ದು ಎಲ್ಲೋ ದೂರದ ಮಳೆಯಂತೆ ಕೇಳುತ್ತಿರುತ್ತದೆ. ಜ್ವರದ ಕಾಲದಲ್ಲಿ ಯಾರಿಗಾದರೂ ಕೆಮ್ಮು ಇತ್ತೇ ಎಂದು ಮನೆಮನೆಗೆ ಕೇಳಿದೆವು. ಎಲ್ಲರೂ ಇಲ್ಲ ಎಂದರು. ಕೆಮ್ಮುತ್ತಲೇ ಇಲ್ಲ ಎಂದರು. ಸಂಜೆ ಕೂಡಿಸಿ ನೋಡಿದರೆ ದಾವಣಗೆರೆಯಲ್ಲೆಲ್ಲ ಆರೋಗ್ಯದ ಓಣಿ ಅದೇ! ಮರುದಿನ ಮತ್ತೆ ಹೋಗಿ, ಅಲ್ಲವ್ವಾ, ಈಗ ಕೆಮ್ಮಿದೆಯಲ್ಲ ಅದೇನು ಎಂದು ಒಬ್ಬ ಹೆಂಗಸನ್ನು ಕೇಳಿದೆ.

“ಇದು ಭಟ್ಟಿದು ಬಿಡ್ರಿ,” ಎಂದು ನಕ್ಕಳು. “ಇದ್ನೂ ಕೆಮ್ಮು ಅಂತಾರೇನ್ರಿ?”

ಪುಟ್ಟಸ್ವಾಮಿಯವರೂ ನಕ್ಕರು. ದಿನವೂ ಇರುವ ಕೆಮ್ಮಿಗಿಂತ ಬೇರೆ ಕೆಮ್ಮು ಎಂದು ಪ್ರಶ್ನೆಯನ್ನು ತಿದ್ದಿಕೊಂಡೆವು. ಜನ ಸುಳ್ಳು ಹೇಳುವುದಿಲ್ಲ, ಅವರ ಬದುಕಿಗೆ ತಕ್ಕ ಉತ್ತರ ಹೇಳುತ್ತಾರೆ. ಅಷ್ಟು ಕಲಿತೆವೆಂದು ಆ ದಿನ ಇಬ್ಬರಿಗೂ ಹೆಮ್ಮೆಯಾಗಿತ್ತು.

ಮುಂದಿನ ಸರದಿ ಮಂಡಿಪೇಟೆಯದು. ಕೆಳಗೆ ಮೆಣಸಿನಕಾಯಿ ಮಂಡಿ, ಮೇಲೆ ಮನೆ. ಮೆಟ್ಟಿಲು ಹತ್ತುವಾಗಲೇ ಘಾಟು ಮೂಗಿಗೆ ಹತ್ತಿತು. ಹಂದಿಜ್ವರದ ವಿಚಾರಣೆಗೆ ಬಂದು ಸೀನುತ್ತ ನಿಂತ ನಮ್ಮನ್ನು ಮನೆಯ ಯಜಮಾನಿ ನಾಗಮ್ಮನವರು ಸ್ವಲ್ಪ ದೂರದಲ್ಲೇ ಕೂಡ್ರಿಸಿದರು. ನಮ್ಮ ಪ್ರಶ್ನೆಗಳಿಗೆ ಅವರಷ್ಟು ಚೆನ್ನಾಗಿ ಉತ್ತರಿಸಿದವರು ಇನ್ನೊಬ್ಬರಿಲ್ಲ. ಹೌದು, ಜ್ವರದ ಕಾಲದಲ್ಲಿ ಆರೋಗ್ಯ ಕಾರ್ಯಕರ್ತೆ ಬಂದಿದ್ದಳು, ಇದೇ ಜಾಗದಲ್ಲಿ ಕೂತು ಎಲ್ಲ ಹೇಳಿದ್ದಳು. ಬಸುರಿ ಹೆಂಗಸಿಗೆ ಜ್ವರ ಬಂದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು, ಮನೆಮದ್ದು ಮಾಡುತ್ತ ಕೂರಬಾರದು, ಅದಕ್ಕೆ ಬೇರೆಯೇ ಮಾತ್ರೆ ಇದೆ. ಪಾಠ ಒಪ್ಪಿಸಿದ ಹಾಗೆ ಹೇಳಿದರು. ಪುಟ್ಟಸ್ವಾಮಿಯವರ ಮುಖ ಅರಳಿತು. ಹೇಳಿದ ಮಾತು ಮನೆ ತಲುಪಿದೆ, ನೆನಪಿನಲ್ಲೂ ಉಳಿದಿದೆ. ಇದಕ್ಕಿಂತ ಇನ್ನೇನು ಬೇಕು?

ನಾನು ಎಂದಿನಂತೆ ಗೋಡೆ ನೋಡುತ್ತಿದ್ದೆ. ದೇವರ ಕೋಣೆಯ ಪಕ್ಕದಲ್ಲಿ ಎಳೆಯ ಹೆಣ್ಣುಮಗಳೊಬ್ಬಳ ಫೋಟೋ, ಅದಕ್ಕೆ ಹಾರ. ಆಗ ಈ ಮನೆಯಲ್ಲಿ ಬಸುರಿ ಯಾರಿದ್ದರು ಎಂದು ಕೇಳಿದೆ. ಪ್ರಶ್ನೆಗಳಲ್ಲಿ ಅದು ಇರಲಿಲ್ಲ.

ಸೊಸೆ ರೇಣುಕಾ ಎಂದರು ನಾಗಮ್ಮ. ಕಾರ್ಯಕರ್ತೆ ಬಂದಾಗ ಆಕೆ ಇಲ್ಲಿರಲಿಲ್ಲ. ಏಳು ತಿಂಗಳಿಗೆ ತವರಿನವರು ಬಂದು ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಚೊಚ್ಚಲ ಹೆರಿಗೆಗೆಂದು ಹರಿಹರಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲೇ ಜ್ವರ ಬಂತು. ತಾಯಿಯೂ ಉಳಿಯಲಿಲ್ಲ, ಹೊಟ್ಟೆಯಲ್ಲಿದ್ದದ್ದೂ ಉಳಿಯಲಿಲ್ಲ.

ಕಾರ್ಯಕರ್ತೆ ಹೇಳಿದ್ದನ್ನು ಹರಿಹರಕ್ಕೆ ಹೇಳಿ ಕಳಿಸಿದ್ದಿರಾ ಎಂದು ಮೆಲ್ಲಗೆ ಕೇಳಿದೆ.

“ಅಲ್ಲೂ ಯಾರರ ಬಂದು ಹೇಳಿರ್ತಾರೆ ಅಂತ...” ಎಂದವರು ಸೆರಗನ್ನು ಸರಿಪಡಿಸಿಕೊಂಡರು. “ಆಕಿಗೆ ತವರಿನ ನೀರು ಆಗಿ ಬರ್ಲಿಲ್ಲ ಬಿಡ್ರಿ.”

ಕೆಳಗೆ ಯಾರೋ ಮೆಣಸಿನಕಾಯಿ ಚೀಲ ಸುರುವಿದರು. ಯಾರಿಗೂ ಸೀನು ಬರಲಿಲ್ಲ.

ಹರಿಹರದ ಮನೆ ಹೊಳೆಯ ಕಡೆಗಿನ ಓಣಿಯಲ್ಲಿತ್ತು. ರೇಣುಕಾಳ ತಾಯಿ ಶಾಂತವ್ವ ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿಯ ಸದ್ದಿನಲ್ಲಿ, ಗಾಳಿಯಲ್ಲಿ ತೇಲುವ ಬಿಳಿ ಹಿಟ್ಟಿನಲ್ಲಿ, ಅವರು ಮಂಜಿನೊಳಗಿಂದ ಎದ್ದು ಬಂದಂತೆ ಬಂದರು. ಹುಬ್ಬಿನ ಮೇಲೂ ಹಿಟ್ಟು. ಬರ್ರಿ, ಕೂಡ್ರಿ ಎಂದು ಗಿರಣಿ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಕೇಳತೊಡಗಿತು.

ಇಲ್ಲಿಗೂ ಕಾರ್ಯಕರ್ತೆ ಬಂದಿದ್ದಳು. ನಿಮ್ಮ ಮನೆಯಲ್ಲಿ ಬಸುರಿಯರು ಇದ್ದಾರೆಯೇ ಎಂದು ಕೇಳಿದ್ದಳು. ಶಾಂತವ್ವ ಇಲ್ಲ ಎಂದಿದ್ದರು. ಕೈ ತೊಳೆದುಕೊಳ್ಳಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ ಎಂದು ಹೇಳಿ ಆಕೆ ಮುಂದಿನ ಮನೆಗೆ ಹೋಗಿದ್ದಳು. ಆಗ ರೇಣುಕಾ ಒಳಕೋಣೆಯಲ್ಲಿ ಮಲಗಿದ್ದಳು, ಇನ್ನೂ ಜ್ವರ ಬಂದಿರಲಿಲ್ಲ. ಮತ್ತೆ ಇಲ್ಲ ಎಂದು ಯಾಕೆ ಹೇಳಿದಿರಿ ಎಂದು ಪುಟ್ಟಸ್ವಾಮಿಯವರು ಕೇಳಿದರು. ಶಾಂತವ್ವ ಅವರನ್ನು ವಿಚಿತ್ರವಾಗಿ ನೋಡಿದರು.

“ಕೊಟ್ಟ ಮಗಳು ನಮ್ಮನಿಯಾಕಿ ಹೆಂಗಾಗ್ತಾಳ್ರಿ? ಆಕಿ ಅವ್ರ ಮನಿಯಾಕಿ.”

ಜ್ವರ ಬಂದಾಗ ಕಷಾಯ ಕಾಸಿ ಕೊಟ್ಟರು. ತಣ್ಣೀರು ಬಟ್ಟೆ ಹಾಕಿದರು. ಬಸುರಿಗೆ ಇಂಗ್ಲಿಷ್ ಮಾತ್ರೆ ಕೊಡಬಾರದೆಂದು ಹಿರಿಯರು ಹೇಳಿದ್ದನ್ನು ಪಾಲಿಸಿದರು. ದಾವಣಗೆರೆಗೆ ಕರೆದೊಯ್ಯುವಷ್ಟರಲ್ಲಿ ಉಸಿರು ಕಟ್ಟಿತ್ತು. ಆಮೇಲೆ ತಮ್ಮ ಮನೆಯ ನೀರೇ ಮಗಳನ್ನು ತಿಂದಿತೆಂದು ಅವರೂ ನಂಬಿದರು. ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಗುಡಿಗೆ ಹೋಗಿ, ಇನ್ನು ನನ್ನ ಹೆಣ್ಣುಮಗಳನ್ನು ಈ ಮನೆಗೆ ಬಸುರಿಯಾಗಿ ಕರೆಯುವುದಿಲ್ಲವೆಂದು ಅಜ್ಜಯ್ಯನ ಮುಂದೆ ಮಾತು ಕೊಟ್ಟು ಬಂದರು. ಕಿರಿಯವಳು ಗೀತಾ. ಗಂಡ ಕಾಲೇಜಿನಲ್ಲಿ ಮೇಷ್ಟ್ರು, ವಿದ್ಯಾನಗರದಲ್ಲಿ ಮನೆ. ಅವಳಿಗೀಗ ಐದು ತಿಂಗಳು. ದಿನವೂ ಫೋನು ಮಾಡಿ ಅಳುತ್ತಾಳೆ, ಅವ್ವಾ ನನ್ನನ್ನು ಯಾವಾಗ ಕರೆಯುತ್ತೀ ಎಂದು. ನಾನು ಅವರ ಕೈ ಹಿಡಿದುಕೊಂಡೆ. ನನ್ನ ಕೈಗೂ ಹಿಟ್ಟು ಹತ್ತಿತು.

ಕೆಲಸ ಮುಗಿದ ಮೇಲೆ ಖಲೀಲ್ ಸಾಬರು ನೇರ ಮನೆಗೆ ಬಿಡುತ್ತಿರಲಿಲ್ಲ. ಜೀಪನ್ನು ಹೊಳೆ ದಂಡೆಗೆ ಒಯ್ದು ಮುಖ ತೊಳೆದು ಬರುತ್ತಿದ್ದರು. ಅವತ್ತೂ ಹಾಗೆಯೇ. ತುಂಗಭದ್ರೆ ನಿಂತಿದ್ದಾಳೋ ಹರಿಯುತ್ತಿದ್ದಾಳೋ ತಿಳಿಯದಷ್ಟು ಸುಮ್ಮನಿದ್ದಳು. ನಾನು ನೀರು ನೋಡುತ್ತ ಕೂತೆ. ನಮ್ಮ ಪ್ರಕಾರ ಮಂಡಿಪೇಟೆಯ ಮನೆಗೆ ಮಾತು ತಲುಪಿತ್ತು, ಅದು ಗೆಲುವು. ಹರಿಹರದ ಮನೆಯಲ್ಲಿ ಬಸುರಿಯರೇ ಇರಲಿಲ್ಲ, ಅಲ್ಲಿಗೆ ಆ ಪ್ರಶ್ನೆ ಅನ್ವಯಿಸುವುದಿಲ್ಲ. ಎರಡೂ ಮನೆಯಲ್ಲಿ ನಾವು ಪಾಸು. ನಡುವೆ ರೇಣುಕಾ ಇರಲೇ ಇಲ್ಲ. ಈ ಊರಿನ ದೇವರು ಅರ್ಧ ಹರಿ, ಅರ್ಧ ಹರ. ನಮ್ಮ ಹೆಣ್ಣುಮಕ್ಕಳೂ ಹಾಗೇ, ಅರ್ಧ ಆ ಮನೆ, ಅರ್ಧ ಈ ಮನೆ. ನಾವು ಒಂದೊಂದೇ ಅರ್ಧವನ್ನು ನೋಡಿ ಬಂದಿದ್ದೆವು. ಖಲೀಲ್ ಸಾಬರು ಕರವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತ, ತಮ್ಮ ಮಗಳದ್ದೂ ಅದೇ ಕಥೆ ಎಂದರು. ರೇಷನ್ ಕಾರ್ಡಿನಲ್ಲಿ ಇಲ್ಲಿ ಹೆಸರು ತೆಗೆದಿದ್ದಾರೆ, ಅಲ್ಲಿ ಇನ್ನೂ ಸೇರಿಸಿಲ್ಲ.

ವರದಿ ಬರೆಯುವಾಗ ಪುಟ್ಟಸ್ವಾಮಿಯವರಿಗೂ ನನಗೂ ಜಟಾಪಟಿಯಾಯಿತು. ತವರಿಗೆ ಹೋಗುವುದು ಜನರ ಸಂಪ್ರದಾಯ, ನಾವು ಅಳೆಯಬೇಕಾದದ್ದು ಸರ್ಕಾರ ಏನು ಮಾಡಿತು ಎಂಬುದನ್ನು ಮಾತ್ರ ಎಂದು ಅವರು. ಹೆಣ್ಣುಮಗಳು ಎಲ್ಲಿದ್ದಾಳೆಂದು ಕೇಳದೆ ಮಾತನ್ನು ಮನೆಗೆ ಒಪ್ಪಿಸಿ ಬಂದದ್ದೇ ನಾವು ಮಾಡಿದ್ದು ಎಂದು ನಾನು. ಒಬ್ಬಳ ಸಾವಿನಿಂದ ದೇಶದ ತೀರ್ಮಾನ ಮಾಡಲಾಗುವುದಿಲ್ಲ ಕಣಮ್ಮ ಎಂದರು. ಅದೂ ನಿಜವೇ. ವಾದದಲ್ಲಿ ನಾನು ಸೋಲುತ್ತಿದ್ದೆ. ಕೊನೆಗೆ ಬೇರೇನೂ ತೋಚದೆ ಕೇಳಿಬಿಟ್ಟೆ.

“ಸರ್, ನಿಮ್ಮ ಮನೆಯವರು ಚೊಚ್ಚಲ ಹೆರಿಗೆಗೆ ಎಲ್ಲಿದ್ದರು?”

ಪೆನ್ನು ಮೇಜಿನ ಮೇಲೆ ನಿಂತಿತು. “ನಂಜನಗೂಡಲ್ಲಿ,” ಎಂದರು. “ಅವರ ತಾಯಿ ಮನೇಲಿ.” ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು. ಆ ಎಚ್ಚರದ ಮನುಷ್ಯ ಹಗಲುಗನಸು ಕಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ತಾವೇ ಬರೆದರು: ಮನೆಯನ್ನಲ್ಲ, ಆ ಹೆಣ್ಣುಮಗಳು ಇಂದು ಇರುವ ಜಾಗವನ್ನು ಹುಡುಕಿ ಹೋಗಬೇಕು. ‘ನಿಮ್ಮ ಮನೆಯವರು ಯಾರು’ ಎನ್ನಬಾರದು, ‘ಇವತ್ತು ಈ ಸೂರಿನ ಕೆಳಗೆ ಯಾರ್ಯಾರು ಇದ್ದೀರಿ’ ಎನ್ನಬೇಕು. ಬಸುರಿ ತವರಿಗೆ ಹೋಗಿದ್ದರೆ ಅಲ್ಲಿಯ ಕಾರ್ಯಕರ್ತೆಗೆ ತಿಳಿಸಬೇಕು. ನಮ್ಮ ಆ ಮಾತು ಮೇಲೆ ಹೋಗಿ, ದೇಶದ ದೊಡ್ಡ ವರದಿಯಲ್ಲಿ ಸೇರಿ, ಅರ್ಧ ವಾಕ್ಯವಾಗಿ ಉಳಿಯಿತು. ಕೊರೊನಾ ಕಾಲದಲ್ಲಿ ಹುಡುಗಿಯೊಬ್ಬಳು ಇದೇ ಮನೆಯ ಗೇಟಿನಲ್ಲಿ ನಿಂತು, ಅಜ್ಜೀ, ಇವತ್ತು ಮನೆಯಲ್ಲಿ ಯಾರ್ಯಾರು ಇದ್ದೀರಿ ಎಂದು ಕೂಗಿ ಕೇಳಿದಳು. ಅದು ನಮ್ಮ ಅರ್ಧ ವಾಕ್ಯದ ಫಲವೋ, ಅವಳದೇ ಬುದ್ಧಿಯೋ ಗೊತ್ತಿಲ್ಲ. ಅವಳ ಪ್ರಶ್ನೆಯಲ್ಲೇ ಮೈಮರೆತು ನಾನು ಉತ್ತರ ಹೇಳುವುದು ತಡವಾಯಿತು. ಅಜ್ಜಿಗೆ ಕಿವಿ ಕೇಳುವುದಿಲ್ಲವೆಂದು ಅವಳು ಇನ್ನೊಮ್ಮೆ ಕೂಗಿದಳು.

ವರದಿ ಕಳಿಸಿದ ಮೇಲೆ ಒಂದು ಕೆಲಸ ಉಳಿದಿತ್ತು. ವಿಚಾರಿಸಿ ಬಂದ ಮನೆಗೆ ಹಿಂದಿರುಗಿ ಹೋಗಿ, ನಾವು ಕಂಡದ್ದು ಇದು ಎಂದು ಹೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಈಗಲೂ ಇಲ್ಲ. ಹೇಳದಿದ್ದರೆ ಶಾಂತವ್ವ ನೀರನ್ನು ಬೈಯುತ್ತ ಇರುತ್ತಾರೆ, ಗೀತಾ ಅಳುತ್ತ ಇರುತ್ತಾಳೆ. ಹೇಳಿದರೆ, ನಾನೇ ಇಲ್ಲ ಅಂದೆನಲ್ಲ ಎಂಬ ಮುಳ್ಳು ಆ ತಾಯಿಗೆ ಹೊಸದಾಗಿ ಚುಚ್ಚುತ್ತದೆ. ದಿನಗಟ್ಟಲೆ ತೂಗಿದೆ. ಕೊನೆಗೆ ಸಿಟಿ ಬಸ್ಸು ಹತ್ತಿ ಹರಿಹರಕ್ಕೆ ಹೋದೆ.

ಗಿರಣಿ ನಿಲ್ಲಿಸಿ ಎಲ್ಲ ಕೇಳಿಸಿಕೊಂಡರು. ಜ್ವರ ಬಂದ ದಿನವೇ ಕರೆದೊಯ್ಯಬೇಕೆಂಬ ಮಾತು ಮಂಡಿಪೇಟೆಗೆ ಬಂದಿತ್ತೇ ಎಂದು ಎರಡು ಸಲ ಕೇಳಿದರು. ಬಂದಿತ್ತು ಎಂದೆ. ನಾನು ಹೆದರಿದ್ದೇ ಆಯಿತು. ನಾನೇ ಇಲ್ಲ ಅಂದ್ನಲ್ರಿ ಎಂದು ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ನಿಮ್ಮ ಉತ್ತರ ಸರಿಯಾಗಿಯೇ ಇತ್ತು, ನಮ್ಮ ಕಡೆಯವರು ಕೇಳಿದ್ದು ತಪ್ಪು, ಊರಲ್ಲಿ ಯಾವ ತಾಯಿಯಾದರೂ ಅದನ್ನೇ ಹೇಳುತ್ತಿದ್ದಳು ಎಂದೆ. ನೀರಿನದೂ ತಪ್ಪಿಲ್ಲ ಎಂದೆ. ನೆಲದ ಮೇಲಿನ ಹಿಟ್ಟಿನಲ್ಲಿ ಅವರ ಕಾಲಿನ ಹೆಬ್ಬೆರಳು ಗೆರೆ ಎಳೆಯುತ್ತಿತ್ತು.

“ಮಾತು ಅಲ್ಲಿಗೆ ಹೋತು,” ಎಂದರು ಕೊನೆಗೆ. “ಮಗಳು ಇಲ್ಲಿಗೆ ಬಂದ್ಲು.”

ಅಷ್ಟೇ. ಗಿರಣಿ ಶುರು ಮಾಡಿದರು. ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ ತಿಳಿಯದೆ ವಾಪಸಾದೆ.

ಕೆಲವು ವಾರಗಳಾದ ಮೇಲೆ ಗೀತಾಳೇ ನನ್ನ ಮನೆ ಹುಡುಕಿಕೊಂಡು ಬಂದು ಕುಬಸಕ್ಕೆ ಕರೆದಳು. ಅವ್ವ ಉಕ್ಕಡಗಾತ್ರಿಗೆ ಹೋಗಿ ಕೊಟ್ಟ ಮಾತನ್ನು ವಾಪಸು ಕೇಳಿ ಬಂದಳಂತೆ. ಅಜ್ಜಯ್ಯ ಏನಂದ ಎಂದು ಇವಳು ಕೇಳಿದರೆ, ಅವನೇನೂ ಅನ್ನಲಿಲ್ಲ, ಅವನಿಗೆ ಮೊದಲೇ ಗೊತ್ತಿತ್ತು ಎಂದಳಂತೆ. ಗೀತಾ ನಗುತ್ತ ಅತ್ತಳು. ಅಂದು ಅವಳ ಹೊಟ್ಟೆಯಲ್ಲಿದ್ದ ಮಗಳು ಈಗ ಹೈಸ್ಕೂಲು ಓದುತ್ತಾಳೆ, ನನ್ನನ್ನು ಕಂಡರೆ ಗೇಟಿನಿಂದಲೇ ಕೈ ಬೀಸುತ್ತಾಳೆ.

ಕುಬಸ ವಿದ್ಯಾನಗರದ ಗೀತಾಳ ಮನೆಯಲ್ಲೇ ಆಯಿತು. ಶಾಂತವ್ವ ಬಯಕೆಯ ಬುತ್ತಿ ತಂದಿದ್ದರು. ಶೇಂಗಾ ಹೋಳಿಗೆ, ಕರ್ಚಿಕಾಯಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಅಂದು ಮಾತ್ರ ಅವರ ಕೂದಲಲ್ಲಿ ಹಿಟ್ಟಿರಲಿಲ್ಲ, ಮಲ್ಲಿಗೆ ಇತ್ತು. ಹೆಂಗಸರ ಗುಂಪಿನ ಹಿಂದೆ, ಬಾಗಿಲ ಬಳಿ, ನಾಗಮ್ಮನವರೂ ಕೂತಿದ್ದರು. ಶಾಂತವ್ವನೇ ಹೋಗಿ ಕರೆದಿದ್ದರಂತೆ. ಇಲ್ಲಿ ಬಂದ ಮೇಲೆ ಮಾತ್ರ ಇಬ್ಬರೂ ಪರಸ್ಪರ ಮುಖ ನೋಡಿರಲಿಲ್ಲ. ಹಸಿರು ಸೀರೆ ಉಡಿಸಿದ್ದಾಯಿತು, ಬಳೆ ಇಡಿಸಿದ್ದಾಯಿತು, ಆರತಿಯಾಯಿತು. ಇನ್ನು ಮಗಳನ್ನು ಎಬ್ಬಿಸಿ ಹೊರಡುವುದಷ್ಟೇ. ಶಾಂತವ್ವ ಏಳಲಿಲ್ಲ. ಗೀತಾಳ ಅತ್ತೆಯ ಕಡೆ ತಿರುಗಿ ಕೂತರು.

“ಬೀಗ್ತಿ, ಸೀರಿ ಬಂತು, ಬಳಿ ಬಂತು. ಆಕಿ ಸಲುವಾಗಿ ನಿಮ್ಮನಿಗೆ ಬಂದ ಮಾತು ಏನೇನೈತೆ, ಅದನ್ನೂ ಕೊಡ್ರಿ. ಒಂದೂ ಇಟ್ಕಾಬ್ಯಾಡ್ರಿ.”

ಗೀತಾಳ ಅತ್ತೆ ಮೊದಲು ತಬ್ಬಿಬ್ಬಾದರು. ಆಮೇಲೆ ನೆನಪಿಸಿಕೊಂಡು ಒಂದೊಂದೇ ಹೇಳತೊಡಗಿದರು. ರಕ್ತದ ಮಾತ್ರೆ ಊಟವಾದ ಮೇಲೆ. ಕಾಲು ಊದಿದರೆ ತೋರಿಸಬೇಕು. ಚುಚ್ಚುಮದ್ದು ಇನ್ನೊಂದು ಬಾಕಿ ಇದೆ. ಶಾಂತವ್ವ ಒಂದೊಂದನ್ನೂ ತಿರುಗಿ ಹೇಳಿ, ಒಂದೊಂದಕ್ಕೂ ಸೆರಗಿಗೆ ಗಂಟು ಹಾಕಿಕೊಂಡರು. ಅಷ್ಟೇ ಬಿಡ್ರಿ, ಇನ್ನೇನಿಲ್ಲ ಎಂದರು ಗೀತಾಳ ಅತ್ತೆ.

“ಇನ್ನೊಂದೈತೆ.”

ದನಿ ಬಾಗಿಲ ಕಡೆಯಿಂದ ಬಂತು. ನಾಗಮ್ಮನವರು ಎದ್ದು ನಿಂತಿದ್ದರು. ಗೋಡೆ ಹಿಡಿದುಕೊಂಡು ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು ಶಾಂತವ್ವನ ಎದುರು ಕೂತರು.

“ಜ್ವರ ಬಂದ್ರ ಅವತ್ತೇ ಕರ್ಕೊಂಡ್ ಹೋಗ್ರಿ,” ಎಂದರು. “ಮನಿಮದ್ದು ಮಾಡ್ತಾ ಕುಂದ್ರಬ್ಯಾಡ್ರಿ.”

ಶಾಂತವ್ವ ಅವರನ್ನು ನೋಡಿದರು. ಆಮೇಲೆ ಆ ಮಾತನ್ನೂ ತಿರುಗಿ ಹೇಳಿ, ಸೆರಗಿನ ತುದಿಗೆ ಕೊನೆಯ ಗಂಟು ಬಿಗಿದು, ಮಗಳ ಕೈ ಹಿಡಿದು ಎಬ್ಬಿಸಿದರು.